ಕೋಣೆಯಲ್ಲಿರುವ ಇನ್ನೊಬ್ಬ

ಒಬ್ಬಂಟಿ ಹುಡುಗ, ಒಂದು ಕೋಣೆ, ಎಲ್ಲಿಂದಲೋ ಬಂದು ಸೇರಿಕೊಂಡ ಒಬ್ಬ ರೂಮ್‌ಮೇಟ್. ಇಷ್ಟು ಸಿಕ್ಕರೆ ಸಿನಿಮಾದವರಿಗೆ ಅರ್ಧ ಕಥೆ ಸಿಕ್ಕಂತೆಯೇ. ಉಳಿದರ್ಧವನ್ನು ನೋಡುವವರ ಭಯವೇ ಹೆಣೆದುಕೊಳ್ಳುತ್ತದೆ. 1992ರ ‘ಸಿಂಗಲ್ ವೈಟ್ ಫೀಮೇಲ್’ ಚಿತ್ರದಲ್ಲಿ ನ್ಯೂಯಾರ್ಕಿನ ಯುವತಿಯೊಬ್ಬಳು ಜಾಹೀರಾತು ಕೊಟ್ಟು ಮನೆಗೆ ಜೊತೆಗಾತಿಯನ್ನು ಕರೆತರುತ್ತಾಳೆ. ಬಂದವಳು ಮೊದಲು ಅವಳ ಬಟ್ಟೆ ತೊಡುತ್ತಾಳೆ, ಆಮೇಲೆ ಅವಳಂತೆಯೇ ಕೂದಲು ಕತ್ತರಿಸಿಕೊಳ್ಳುತ್ತಾಳೆ, ಕೊನೆಗೆ ಅವಳ ಬದುಕನ್ನೇ ಕಸಿಯಲು ನಿಲ್ಲುತ್ತಾಳೆ. 1999ರ ‘ಫೈಟ್ ಕ್ಲಬ್’ನಲ್ಲಿ ನಿದ್ದೆ ಬಾರದ ನೌಕರನೊಬ್ಬ ಹೊಸ ಗೆಳೆಯನ ಜೊತೆ ಪಾಳು ಮನೆಯಲ್ಲಿ ಬಿಡಾರ ಹೂಡುತ್ತಾನೆ. ಆ ಗೆಳೆಯ ಯಾರು ಎಂದು ತಿಳಿಯುವ ಹೊತ್ತಿಗೆ ಪ್ರೇಕ್ಷಕ ತಬ್ಬಿಬ್ಬಾಗಿರುತ್ತಾನೆ. ಎರಡೂ ಚಿತ್ರಗಳಲ್ಲಿ ಹೊಡೆದಾಟ, ರಕ್ತ ಜಾಸ್ತಿ. ಮಕ್ಕಳನ್ನು ಕೂರಿಸಿಕೊಂಡು ನೋಡುವಂಥವಲ್ಲ.

ಈ ಜಾತಿಯ ಚಿತ್ರಗಳಲ್ಲಿ ವಿದ್ಯಾರ್ಥಿಗಳೂ ತಂದೆತಾಯಿಗಳೂ ಒಟ್ಟಿಗೆ ಕೂತು ನೋಡಬಹುದಾದದ್ದು ಒಂದಿದೆ. ಅದು 2001ರಲ್ಲಿ ತೆರೆಕಂಡ ‘ಎ ಬ್ಯೂಟಿಫುಲ್ ಮೈಂಡ್’. ನಿರ್ದೇಶನ ರಾನ್ ಹೋವರ್ಡ್, ಮುಖ್ಯ ಪಾತ್ರದಲ್ಲಿ ರಸೆಲ್ ಕ್ರೋ. ಮರುವರ್ಷ ಶ್ರೇಷ್ಠ ಚಿತ್ರ, ಶ್ರೇಷ್ಠ ನಿರ್ದೇಶನವೂ ಸೇರಿ ನಾಲ್ಕು ಆಸ್ಕರ್ ಪ್ರಶಸ್ತಿಗಳು ಅದಕ್ಕೆ ಬಂದವು. ಹೆಸರಿಗೆ ಇದು ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ ಅವರ ಜೀವನಕಥೆ. ಆದರೆ ಮೊದಲರ್ಧ ಮುಗಿಯುವ ಹೊತ್ತಿಗೆ ಅದು ಅಪ್ಪಟ ಮನೋವೈಜ್ಞಾನಿಕ ಥ್ರಿಲ್ಲರ್ ಆಗಿಬಿಟ್ಟಿರುತ್ತದೆ.

ಕಾರವಾರ, ಅಂಕೋಲೆಯ ಮನೆಗಳ ಮಟ್ಟಿಗೆ ಈ ವಿಷಯ ಪರದೆಯ ಮೇಲಷ್ಟೇ ಇರುವಂಥದ್ದಲ್ಲ. ಪ್ರತಿ ವರ್ಷ ಮಳೆಗಾಲದಲ್ಲಿ ಇಲ್ಲಿ ಕೋಣೆ ಹುಡುಕುವ ಹಂಗಾಮು ಶುರುವಾಗುತ್ತದೆ. ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಗೆ, ಕಾರವಾರದ ವೈದ್ಯಕೀಯ ಕಾಲೇಜಿಗೆ, ಪಾಲಿಟೆಕ್ನಿಕ್ಕಿಗೆ ಸೀಟು ಸಿಕ್ಕ ಬಯಲುಸೀಮೆಯ ಮಕ್ಕಳು ಘಟ್ಟ ಇಳಿದು ಬರುತ್ತಾರೆ. ಇಲ್ಲಿನ ಮಕ್ಕಳು ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿ, ಧಾರವಾಡಕ್ಕೆ ಹೋಗುತ್ತಾರೆ, ಇಲ್ಲವೇ ರೈಲು ಹಿಡಿದು ಮಂಗಳೂರು, ಬೆಂಗಳೂರು ಸೇರುತ್ತಾರೆ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, 1966ರಲ್ಲಿ ಅಂಕೋಲೆಗೆ ಗೋಖಲೆ ಶತಾಬ್ದಿ ಕಾಲೇಜನ್ನು ತಂದದ್ದರಿಂದ ಈ ಕಡೆಯ ಎಷ್ಟೋ ಮಕ್ಕಳು ಮನೆಯ ಗಂಜಿ ಉಂಡೇ ಪದವೀಧರರಾದರು. ಡಾಕ್ಟರು, ಇಂಜಿನಿಯರು ಆಗಬೇಕೆಂದರೆ ಮಾತ್ರ ಇಂದಿಗೂ ಬಹುಮಟ್ಟಿಗೆ ಗಂಟುಮೂಟೆ ಕಟ್ಟಲೇಬೇಕು.

ಮಗನನ್ನು ಬಿಡಲು ಬಂದ ಅಪ್ಪ ಬಾಡಿಗೆ ಎಷ್ಟು, ನೀರು ಬರುತ್ತದೆಯೇ, ಖಾನಾವಳಿ ಎಷ್ಟು ದೂರ ಎಂದೆಲ್ಲ ವಿಚಾರಿಸುತ್ತಾರೆ. ಆಯಿ ಉಪ್ಪಿನಕಾಯಿ ಬಾಟಲಿ, ಅವಲಕ್ಕಿ ಡಬ್ಬಿಗಳನ್ನು ಕಪಾಟಿನಲ್ಲಿ ಜೋಡಿಸುತ್ತಾರೆ. ಪಕ್ಕದ ಮಂಚದ ಹುಡುಗನ ಬಗ್ಗೆ ಮಾತ್ರ ಒಂದೇ ಪ್ರಶ್ನೆ: ಯಾವ ಊರು, ಯಾವ ಮಂದಿ? ಉತ್ತರ ಸಮಾಧಾನವಾದರೆ ಬಸ್ಸು ಹತ್ತುತ್ತಾರೆ. ಆ ಮೇಲಿನ ನಾಲ್ಕು ವರ್ಷ ಆ ಕೋಣೆಯೊಳಗೆ ಏನು ನಡೆಯುತ್ತದೆಂಬುದು ದಿನಕ್ಕೊಂದು ಫೋನಿನಲ್ಲಿ, ‘ತಮಾ, ಊಟ ಆಯ್ತಾ?’ ಎಂಬ ಮಾತಿನಲ್ಲಿ ಎಷ್ಟು ತಿಳಿಯಬಹುದೋ ಅಷ್ಟೇ.

ಚಿತ್ರದ ನ್ಯಾಶ್ ಕೂಡ ಇಂಥದೇ ಒಬ್ಬ ಹುಡುಗ. ಸಣ್ಣ ಊರಿನಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಬಂದಿದ್ದಾನೆ. ಬುದ್ಧಿ ಬೇಕಾದಷ್ಟಿದೆ, ಜನರ ನಡುವೆ ನಾಲ್ಕು ಮಾತಾಡಲು ಬಾರದು. ಕಿಟಕಿಯ ಗಾಜಿನ ಮೇಲೆ ಸೂತ್ರ ಬರೆಯುತ್ತಾನೆ, ಪಾರಿವಾಳಗಳು ಕಾಳು ಹೆಕ್ಕುವುದರಲ್ಲೂ ಲೆಕ್ಕ ಹುಡುಕುತ್ತಾನೆ. ಅವನ ಕೋಣೆಗೆ ಚಾರ್ಲ್ಸ್ ಎಂಬ ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿ ಬಂದು ಸೇರುತ್ತಾನೆ. ಕುಡಿತ ಜಾಸ್ತಿ, ಮಾತು ಅದಕ್ಕಿಂತ ಜಾಸ್ತಿ, ಆದರೆ ಪ್ರೀತಿಯ ಪ್ರಾಣಿ. ನ್ಯಾಶ್ ಊಟ ನಿದ್ದೆ ಬಿಟ್ಟು ಗಾಜಿಗೆ ತಲೆ ಚಚ್ಚಿಕೊಳ್ಳುವ ಹಂತ ತಲುಪಿದಾಗ, ಓದುವ ಮೇಜನ್ನೇ ಕಿಟಕಿಯಿಂದ ಕೆಳಕ್ಕೆ ತಳ್ಳಿಸಿ ಅವನನ್ನು ನಗಿಸುವವನು ಈ ಚಾರ್ಲ್ಸ್. ಮುಂದೆ ನ್ಯಾಶ್ ಪ್ರಾಧ್ಯಾಪಕನಾಗುತ್ತಾನೆ. ಸೈನ್ಯದ ಗುಪ್ತ ಸಂದೇಶ ಬಿಡಿಸುವ ಕೆಲಸವನ್ನು ಕರಿಯ ಹ್ಯಾಟಿನ ಅಧಿಕಾರಿಯೊಬ್ಬ ಅವನಿಗೆ ಒಪ್ಪಿಸುತ್ತಾನೆ. ಚಾರ್ಲ್ಸ್ ಮತ್ತೆ ಬರುತ್ತಾನೆ, ಜೊತೆಯಲ್ಲಿ ಅವನ ಅಕ್ಕನ ಪುಟ್ಟ ಮಗಳು.

ಕಥೆಯ ಗುಟ್ಟು ಒಡೆಯಬಾರದೆಂಬುದು ಸಿನಿಮಾ ಅಂಕಣಗಳ ಶಿಷ್ಟಾಚಾರ. ಆದರೆ ಚಿತ್ರ ಬಂದು ಎರಡು ದಶಕ ಕಳೆದಿವೆ. ಮೇಲಾಗಿ ಗುಟ್ಟು ಹೇಳದೆ ಈ ಚಿತ್ರದ ಬಗ್ಗೆ ಉಪಯೋಗಕ್ಕೆ ಬರುವ ಒಂದು ಮಾತನ್ನೂ ಆಡಲಾಗದು. ಚಾರ್ಲ್ಸ್ ಎಂಬವನು ಇಲ್ಲವೇ ಇಲ್ಲ. ಆ ಅಧಿಕಾರಿಯೂ ಇಲ್ಲ, ಆ ಮಗುವೂ ಇಲ್ಲ. ಮೂವರೂ ನ್ಯಾಶ್‌ನ ಕಾಯಿಲೆಯ ಮನಸ್ಸು ಕಟ್ಟಿದವರು.

ಎರಡನೆಯ ಸಲ ನೋಡುವಾಗ ಚಿತ್ರ ಬೇರೆಯೇ ಆಗಿ ಕಾಣುತ್ತದೆ. ಚಾರ್ಲ್ಸ್ ಜೊತೆ ನ್ಯಾಶ್ ಒಬ್ಬನೇ ಮಾತಾಡುತ್ತಾನೆ, ಉಳಿದವರು ಯಾರೂ ಅವನ ಕಡೆ ತಿರುಗಿಯೂ ನೋಡುವುದಿಲ್ಲ. ಪುಟ್ಟ ಹುಡುಗಿ ಪಾರಿವಾಳಗಳ ಹಿಂಡಿನ ನಡುವೆ ಓಡುತ್ತಾಳೆ, ಒಂದು ಹಕ್ಕಿಯೂ ಹಾರುವುದಿಲ್ಲ. ವರ್ಷಗಳು ಉರುಳಿದರೂ ಆ ಮಗು ಒಂದಂಗುಲ ಬೆಳೆಯುವುದಿಲ್ಲ. ಮಗು ಬೆಳೆಯುತ್ತಿಲ್ಲ ಎಂಬುದು ನ್ಯಾಶ್‌ಗೇ ಹೊಳೆಯುವ ಗಳಿಗೆ ಈ ಚಿತ್ರದ ಅತ್ಯುತ್ತಮ ಗಳಿಗೆ. ಕಾಯಿಲೆಯೊಳಗೇ ಕೂತು ಕಾಯಿಲೆಯನ್ನು ತರ್ಕದಿಂದ ಹಿಡಿಯುವ ಗಣಿತಜ್ಞ! ಚಿತ್ರಮಂದಿರದಲ್ಲಿ ಇದಕ್ಕೆ ಚಪ್ಪಾಳೆ ಬಿದ್ದಿದ್ದರೆ ಆಶ್ಚರ್ಯವಿಲ್ಲ.

ಇಲ್ಲಿಯವರೆಗೆ ಸಿನಿಮಾ. ನಿಜದ ಜಾನ್ ನ್ಯಾಶ್ ಅವರ ಬದುಕು ಹೀಗಿರಲಿಲ್ಲ. ಅವರು ಹುಟ್ಟಿದ್ದು 1928ರ ಜೂನ್ 13ರಂದು, ಪಶ್ಚಿಮ ವರ್ಜೀನಿಯಾದ ಬ್ಲೂಫೀಲ್ಡ್‌ನಲ್ಲಿ. ಪ್ರಿನ್ಸ್‌ಟನ್‌ಗೆ ಬಂದದ್ದು 1948ರಲ್ಲಿ, 28 ಪುಟಗಳ ಪ್ರಬಂಧಕ್ಕೆ ಪಿಎಚ್.ಡಿ. ಪಡೆದದ್ದು 1950ರಲ್ಲಿ. ಆ ದಿನಗಳಲ್ಲಿ ಅವರಿಗೆ ಕಾಲ್ಪನಿಕ ರೂಮ್‌ಮೇಟ್ ಯಾರೂ ಇರಲಿಲ್ಲ, ಕಾಯಿಲೆಯೇ ಇರಲಿಲ್ಲ. ಅದು ಬಯಲಿಗೆ ಬಂದದ್ದು 1959ರಲ್ಲಿ, ಅವರಿಗೆ ಮೂವತ್ತು ವರ್ಷವಾಗಿ, ಹೆಂಡತಿ ಅಲಿಶಿಯಾ ಗರ್ಭಿಣಿಯಾಗಿದ್ದಾಗ. ಬೇರೆ ಲೋಕದವರು ತಮಗಾಗಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಗುಪ್ತ ಸಂದೇಶ ಅಚ್ಚು ಹಾಕಿಸುತ್ತಿದ್ದಾರೆಂದು ಅವರು ಸಹೋದ್ಯೋಗಿಗಳಿಗೆ ಹೇಳತೊಡಗಿದರು. ಮುಂದೆ ಅವರನ್ನು ಕಾಡಿದ್ದು ದನಿಗಳು. ಚಾರ್ಲ್ಸ್‌ನಂತೆ ಕೋಟು ತೊಟ್ಟು ಎದುರು ಬಂದು ನಿಲ್ಲುವ ಮನುಷ್ಯರನ್ನು ಅವರು ಕಂಡವರಲ್ಲ. ಈ ಕಾಯಿಲೆಯ ಹೆಸರು ಸ್ಕಿಜೋಫ್ರೀನಿಯಾ. ಕನ್ನಡದಲ್ಲಿ ಚಿತ್ತವಿಕಲತೆ ಎನ್ನುವುದುಂಟು. ಇದರಲ್ಲಿ ಹೆಚ್ಚಾಗಿ ಕಾಡುವುದು ಕಿವಿಗೆ ಬೀಳುವ ದನಿಗಳೇ. ಕ್ಯಾಮರಾಗೆ ದನಿಯನ್ನು ತೋರಿಸಲಾಗದು, ಅದಕ್ಕೇ ಸಿನಿಮಾದವರು ಅದಕ್ಕೊಂದು ಮುಖ ಅಂಟಿಸಿದರು. ಜಾಣತನವೇನೋ ಹೌದು. ಇದರ ಬೆಲೆ ತೆತ್ತವರು ಮಾತ್ರ ನೋಡುಗರು: ‘ನನಗೆ ಯಾರೂ ಕಾಣಿಸುವುದಿಲ್ಲವಲ್ಲ, ಹಾಗಾದರೆ ನನಗೇನೂ ಆಗಿಲ್ಲ’ ಎಂದು ದನಿ ಕೇಳಿಸುವ ಹುಡುಗನೊಬ್ಬ ತಿಳಿಯಲು ಇಷ್ಟು ಸಾಕು.

ಚಿತ್ರ ಇನ್ನೂ ಒಂದೆರಡು ಕಡೆ ಎಡವಿದೆ. ನ್ಯಾಶ್ ಅವರಿಗೆ 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ತಂದುಕೊಟ್ಟ ವಿಚಾರವನ್ನು ಪಾನಗೃಹದ ದೃಶ್ಯದಲ್ಲಿ, ಹುಡುಗಿಯರ ಗುಂಪನ್ನು ಉದಾಹರಣೆ ಮಾಡಿ ವಿವರಿಸುತ್ತಾರೆ. ಆ ವಿವರಣೆಯೇ ತಪ್ಪು. ಅದನ್ನು ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಂತರೆ ಸರಿಯಾಗಿ ತಿಳಿಯಬಹುದು. ತೀರದುದ್ದಕ್ಕೂ ಜನ ಸಮನಾಗಿ ಹರಡಿಕೊಂಡಿದ್ದಾರೆ, ಎರಡು ಐಸ್‌ಕ್ರೀಮ್ ಗಾಡಿಗಳಿವೆ, ಜನ ಹತ್ತಿರದ ಗಾಡಿಗೆ ಹೋಗುತ್ತಾರೆ ಎಂದುಕೊಳ್ಳಿ. ಒಬ್ಬ ಗಾಡಿಯನ್ನು ನಡುಮಧ್ಯದತ್ತ ಸ್ವಲ್ಪ ಸರಿಸಿದರೆ ಇನ್ನೊಬ್ಬನ ಗಿರಾಕಿಗಳಲ್ಲಿ ಕೆಲವರು ಇವನಿಗೆ ಸಿಗುತ್ತಾರೆ. ಆಗ ಅವನೂ ಸರಿಸುತ್ತಾನೆ. ಕೊನೆಗೆ ಎರಡೂ ಗಾಡಿಗಳು ತೀರದ ನಡುವೆ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲುತ್ತವೆ. ಈಗ ಇಬ್ಬರಲ್ಲಿ ಯಾರು ಒಬ್ಬರೇ ಜಾಗ ಬದಲಿಸಿದರೂ ಅವರಿಗೇ ನಷ್ಟ. ಇಂಥ ಸ್ಥಿತಿಗೆ ‘ನ್ಯಾಶ್ ಸಮತೋಲ’ ಎಂದು ಹೆಸರು. ಒಬ್ಬನಿಗೆ ಯಾವುದು ಒಳಿತೆಂಬುದು ಪಕ್ಕದವನು ಏನು ಮಾಡುತ್ತಾನೆಂಬುದರ ಮೇಲೆ ನಿಂತಿದೆ ಎಂಬ ಈ ವಿಚಾರವನ್ನು, ಪಕ್ಕದವರೊಂದಿಗೆ ಬೆರೆಯಲು ಬಾರದ ಮನುಷ್ಯ ಕಂಡುಕೊಂಡದ್ದು ಸೋಜಿಗವೇ ಸರಿ.

ಎರಡನೆಯದು ಔಷಧದ ಮಾತು. ಚಿತ್ರದ ಕೊನೆಯಲ್ಲಿ ಮುದಿ ನ್ಯಾಶ್ ಹೊಸ ಔಷಧಗಳನ್ನು ತೆಗೆದುಕೊಳ್ಳುತ್ತಿರುವುದಾಗಿ ಹೇಳುತ್ತಾನೆ. ನಿಜದಲ್ಲಿ ಅವರು 1970ರ ಬಳಿಕ ಔಷಧ ಮುಟ್ಟಲಿಲ್ಲ, ವಯಸ್ಸಾದಂತೆ ಕಾಯಿಲೆ ತಾನಾಗಿ ಹಿಂದೆ ಸರಿಯಿತು. ನೋಡಿದ ರೋಗಿಗಳು ಮಾತ್ರೆ ಬಿಟ್ಟುಬಿಟ್ಟಾರೆಂಬ ಅಂಜಿಕೆಯಿಂದ ಚಿತ್ರದವರು ಆ ಸುಳ್ಳನ್ನು ಸೇರಿಸಿದರು. ಸುಳ್ಳುಗಳಲ್ಲಿ ಇದೊಂದನ್ನು ಕ್ಷಮಿಸಬಹುದು. ನ್ಯಾಶ್ ಅವರಿಗೆ ಆದದ್ದು ಅಪರೂಪದ ಸಂಗತಿ. ಅವರನ್ನು ನೋಡಿ ಮಾತ್ರೆ ನಿಲ್ಲಿಸುವುದು, ಈಜು ಬಾರದವನೊಬ್ಬ ದೈವಬಲದಿಂದ ಕಾಳಿ ನದಿ ದಾಟಿದನೆಂದು ಮಗನನ್ನು ನೀರಿಗೆ ಇಳಿಸಿದ ಹಾಗೆ. ಚಿತ್ರದಲ್ಲಿ ರೋಗಿಯನ್ನು ಮಂಚಕ್ಕೆ ಕಟ್ಟಿ ಇನ್ಸುಲಿನ್ ಚುಚ್ಚಿ ನಡುಗಿಸುವ ಭಯಾನಕ ದೃಶ್ಯವೂ ಇದೆ. ನ್ಯಾಶ್ ಅವರಿಗೆ 1961ರಲ್ಲಿ ಆ ಚಿಕಿತ್ಸೆ ಆದದ್ದು ನಿಜ. ವೈದ್ಯಲೋಕ ಎಂದೋ ಕೈಬಿಟ್ಟ ಪದ್ಧತಿ ಅದು. ಅದನ್ನು ನೋಡಿ ಮಗನನ್ನು ಆಸ್ಪತ್ರೆಗೆ ಒಯ್ಯಲು ತಾಯಿ ಹೆದರಬೇಕಾಗಿಲ್ಲ.

ಇಷ್ಟೆಲ್ಲ ಬದಲಿಸಿದ ಚಿತ್ರ, ನ್ಯಾಶ್ ಅವರ ಬದುಕಿನಲ್ಲಿ ನಿಜವಾಗಿಯೂ ಇದ್ದ ರೂಮ್‌ಮೇಟ್ ಕಥೆಯನ್ನು ಮಾತ್ರ ಬಿಟ್ಟೇಬಿಟ್ಟಿದೆ. 1963ರಲ್ಲಿ ಅಲಿಶಿಯಾ ಗಂಡನಿಂದ ವಿಚ್ಛೇದನ ಪಡೆದರು. ಚಿತ್ರದಲ್ಲಿ ಇದರ ಸುಳಿವೇ ಇಲ್ಲ. ನ್ಯಾಶ್ ಆಸ್ಪತ್ರೆಯಿಂದ ಆಸ್ಪತ್ರೆಗೆ, ಊರಿಂದ ಊರಿಗೆ ಅಲೆದರು, ತಾಯಿಯ ಮನೆಯಲ್ಲಿದ್ದರು. 1970ರಲ್ಲಿ, ಅವರಿಗೆ ನಿಲ್ಲಲು ನೆಲೆ ಇಲ್ಲದಾದಾಗ, ಅದೇ ಅಲಿಶಿಯಾ ಪ್ರಿನ್ಸ್‌ಟನ್ ಬಳಿಯ ತಮ್ಮ ಮನೆಯಲ್ಲಿ ಅವರಿಗೆ ಜಾಗ ಕೊಟ್ಟರು. ಗಂಡ ಎಂದಲ್ಲ, ಕೋಣೆ ಹಿಡಿದ ಬಾಡಿಗೆದಾರ ಎಂಬ ಲೆಕ್ಕದಲ್ಲಿ! ಅವರು ಕೆಲಸಕ್ಕೆ ಹೋಗಿ ಮನೆ ನಡೆಸಿದರು, ಮಗನನ್ನು ಬೆಳೆಸಿದರು. ಈ ‘ಬಾಡಿಗೆದಾರ’ ದಿನವೂ ವಿಶ್ವವಿದ್ಯಾಲಯಕ್ಕೆ ಹೋಗಿ ಬರುತ್ತಿದ್ದರು. ಗಣಿತ ವಿಭಾಗದ ಕರಿಹಲಗೆಗಳ ಮೇಲೆ ಯಾರಿಗೂ ಅರ್ಥವಾಗದ ಸಂದೇಶ ಬರೆಯುತ್ತಿದ್ದ ಅವರಿಗೆ ವಿದ್ಯಾರ್ಥಿಗಳು ‘ಫೈನ್ ಹಾಲ್‌ನ ಭೂತ’ ಎಂದು ಹೆಸರಿಟ್ಟಿದ್ದರು. ಹೆಸರಿಟ್ಟರೇ ಹೊರತು ಯಾರೂ ಅವರನ್ನು ಹೊರಗಟ್ಟಲಿಲ್ಲ. ಗ್ರಂಥಾಲಯ ತೆರೆದಿತ್ತು, ಗಣಕಯಂತ್ರ ಬಳಸಲು ಬಿಟ್ಟರು, ಹಳೆಯ ಸಹಪಾಠಿಗಳು ಮಾತಾಡಿಸುತ್ತಿದ್ದರು. ಇಪ್ಪತ್ತು ವರ್ಷ ಹೀಗೆ ನಡೆಯಿತು. ಕೆಲವು ವರ್ಷಗಳ ಬಳಿಕ ಬಂದ ನೊಬೆಲ್ ಸುದ್ದಿಗಿಂತ ಆ ಇಪ್ಪತ್ತು ವರ್ಷಗಳೇ ದೊಡ್ಡ ಕಥೆ. ಸಿನಿಮಾಕ್ಕೆ ಅದು ಒಗ್ಗುವುದಿಲ್ಲ, ಅಲ್ಲಿ ಬೆಚ್ಚಿಬೀಳುವಂಥದ್ದು ಏನೂ ಇಲ್ಲವಲ್ಲ! ಇಬ್ಬರೂ 2001ರಲ್ಲಿ ಮತ್ತೆ ಮದುವೆಯಾದರು. 2015ರ ಮೇ 23ರಂದು, ನಾರ್ವೆಯಲ್ಲಿ ಏಬೆಲ್ ಪ್ರಶಸ್ತಿ ಪಡೆದು ಮನೆಗೆ ಮರಳುವಾಗ, ಟ್ಯಾಕ್ಸಿ ಅಪಘಾತದಲ್ಲಿ ಇಬ್ಬರೂ ಒಟ್ಟಿಗೆ ತೀರಿಕೊಂಡರು.

ಒಂಟಿಯ ನೆಲೆಗೆ ಇನ್ನೊಂದು ಜೀವ ಬಂದು ಸೇರುವ ಕಥೆಗಾಗಿ ಅಮೆರಿಕದವರೆಗೆ ಹೋಗಬೇಕೆಂದೇನೂ ಇಲ್ಲ. ಅಂಥದೊಂದು ಕಾರವಾರದಲ್ಲೇ ಹುಟ್ಟಿದೆ. 1883ರಲ್ಲಿ ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಗಾಳಿಮರಗಳ ಸಾಲು, ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯ ಪಯಣ – ಇವನ್ನೆಲ್ಲ ಅವರು ತಮ್ಮ ನೆನಪಿನ ಪುಸ್ತಕದಲ್ಲಿ ಪ್ರೀತಿಯಿಂದ ಬರೆದುಕೊಂಡಿದ್ದಾರೆ. ಇಲ್ಲೇ ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ್’, ಅಂದರೆ ಪ್ರಕೃತಿಯ ಸೇಡು. ಗುಹೆಯಲ್ಲಿ ಒಬ್ಬನೇ ಕೂತು, ಲೋಕದ ಬಂಧನವನ್ನೆಲ್ಲ ಗೆದ್ದೆನೆಂದು ಬೀಗುವ ಸನ್ಯಾಸಿ. ಊರವರು ಮೈಲಿಗೆಯೆಂದು ದೂರವಿಟ್ಟ ಅನಾಥ ಹುಡುಗಿಯೊಬ್ಬಳು ಅವನ ಬಳಿಗೆ ಬರುತ್ತಾಳೆ. ಅವನಿಗೆ ಅವಳ ಮೇಲೆ ಮಮತೆ ಹುಟ್ಟುತ್ತದೆ, ಆ ಮಮತೆಗೇ ಹೆದರಿ ಅವನು ಓಡಿಹೋಗುತ್ತಾನೆ. ತಡೆಯಲಾರದೆ ಮರಳಿ ಬರುವಾಗ ಹುಡುಗಿ ಸತ್ತಿರುತ್ತಾಳೆ. ಇದರಲ್ಲಿ ಕಾಯಿಲೆಯಿಲ್ಲ, ಪತ್ತೇದಾರಿಯಿಲ್ಲ. ಆದರೂ ರೂಮ್‌ಮೇಟ್ ಚಿತ್ರಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಆ ಚಿತ್ರಗಳಲ್ಲಿ ಬಂದು ಸೇರಿದವನೇ ಅಪಾಯ. ಠಾಕೂರರಲ್ಲಿ ಅಪಾಯವಿರುವುದು ಬಂದವರನ್ನು ಬಿಟ್ಟು ಓಡುವುದರಲ್ಲಿ.

ಇನ್ನು ಕನ್ನಡಕ್ಕೆ ಬಂದರೆ ಒಂದು ಕಾಕತಾಳೀಯವನ್ನು ಹೇಳದಿರಲಾಗದು. ನ್ಯಾಶ್ ಹುಟ್ಟಿದ 1928ರಲ್ಲೇ ಮನಸ್ಸಿನ ಕತ್ತಲೆಯನ್ನು ಬರೆದ ಇಬ್ಬರು ಕನ್ನಡ ಲೇಖಕರೂ ಹುಟ್ಟಿದರು. ಒಬ್ಬರು ಯಶವಂತ ಚಿತ್ತಾಲರು. ಅವರ ಹನೇಹಳ್ಳಿ ಅಂಕೋಲೆ ತಾಲೂಕಿನ ಗಡಿಯ ಗಂಗಾವಳಿ ನದಿ ದಾಟಿದರೆ ಸಿಗುವ ಊರು. 1979ರ ಅವರ ‘ಶಿಕಾರಿ’ ಕಾದಂಬರಿಯ ನಾಗಪ್ಪ ಈ ಕರಾವಳಿಯಿಂದ ಹೋಗಿ ಮುಂಬಯಿಯಲ್ಲಿ ಒಬ್ಬನೇ ಬದುಕುವವನು. ತನ್ನ ಸುತ್ತ ಹೆಣೆಯುತ್ತಿರುವುದು ನಿಜವಾದ ಸಂಚೋ ತನ್ನದೇ ಸಂಶಯವೋ ಎಂಬ ಗೊಂದಲದಲ್ಲಿ ಅವನ ಜೊತೆ ಓದುಗನೂ ಸಿಕ್ಕಿಬೀಳುತ್ತಾನೆ. ಪಿಯುಸಿ ಮಕ್ಕಳಿಗೆ ಭಾರವಾದೀತು, ಅಪ್ಪಂದಿರು ಓದಬಹುದು. ಇನ್ನೊಬ್ಬರು ತ್ರಿವೇಣಿ. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಅವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದರು. ಬಾಣಂತನದಲ್ಲಿ ಬುದ್ಧಿ ಕೆಟ್ಟ ಕಾವೇರಿ ಆಸ್ಪತ್ರೆಯಲ್ಲಿ ಪೂರ್ತಿ ಗುಣವಾಗಿ ಮನೆಗೆ ಬರುತ್ತಾಳೆ. ಅವಳು ನಕ್ಕರೂ ಅತ್ತರೂ ಮನೆಯವರು, ನೆರೆಹೊರೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಗಂಡನೂ ದೂರವಾಗಿದ್ದಾನೆ. ಕಲ್ಪನಾ ಅವರ ಅಭಿನಯದಲ್ಲಿ ಆ ಎರಡನೆಯ ಕುಸಿತವನ್ನು ಕಂಡವರು ಮರೆಯಲಾರರು. ಮೊದಲ ಸಲದ ಹುಚ್ಚು ಕಾಯಿಲೆಯಿಂದ ಬಂದದ್ದು, ಎರಡನೆಯದು ಮನೆಯಿಂದ ಬಂದದ್ದು. ಹಾಲಿವುಡ್ಡಿನ ರೂಮ್‌ಮೇಟ್ ಚಿತ್ರಗಳೆಲ್ಲ ಸೇರಿದರೂ ಇಷ್ಟು ಸತ್ಯ ಹೇಳಿಲ್ಲ.

ಹಾಗೆಂದು ಒಂಟಿಯ ಕಣ್ಣಿಗೆ ಏನಾದರೂ ಕಂಡರೆ ಎಲ್ಲವೂ ಚಿತ್ತವಿಕಲತೆ ಎಂದು ಗಾಬರಿಯಾಗಬಾರದು. ಒಬ್ಬನೇ ದೋಣಿಯಲ್ಲಿ ಮೊತ್ತಮೊದಲು ಭೂಪ್ರದಕ್ಷಿಣೆ ಮಾಡಿದ ಜೋಶುವಾ ಸ್ಲೋಕಮ್ 1895ರಲ್ಲಿ ಅಟ್ಲಾಂಟಿಕ್ ಸಾಗರದ ನಡುವೆ ಪ್ಲಮ್ ಹಣ್ಣು, ಚೀಸ್ ತಿಂದು ಹೊಟ್ಟೆನೋವಿನಿಂದ ಬಿದ್ದಿದ್ದಾಗ, ಚುಕ್ಕಾಣಿ ಹಿಡಿದು ನಿಂತ ಎತ್ತರದ ನಾವಿಕನೊಬ್ಬ ಕಾಣಿಸಿದ. ತಾನು ಕೊಲಂಬಸನ ‘ಪಿಂಟಾ’ ಹಡಗಿನವನೆಂದು ಅವನು ಪರಿಚಯವನ್ನೂ ಹೇಳಿಕೊಂಡನಂತೆ! ಸ್ಲೋಕಮ್ ಗುಣವಾಗಿ ಯಾತ್ರೆ ಮುಗಿಸಿ, ಅದನ್ನು ಸೊಗಸಾಗಿ ಬರೆದರು. 1916ರಲ್ಲಿ ದಕ್ಷಿಣ ಧ್ರುವದ ಕಡೆಯ ಸೌತ್ ಜಾರ್ಜಿಯಾ ದ್ವೀಪದ ಹಿಮಪರ್ವತಗಳನ್ನು ದಾಟುತ್ತಿದ್ದ ಶ್ಯಾಕಲ್ಟನ್ ತಂಡದ ಮೂವರಿಗೂ ತಮ್ಮ ಜೊತೆ ನಾಲ್ಕನೆಯವನೊಬ್ಬ ನಡೆದು ಬರುತ್ತಿದ್ದಾನೆಂದು ಅನಿಸಿತ್ತು. ಹಸಿವು, ದಣಿವು, ನಿದ್ದೆಗೇಡು, ಏಕಾಂತ – ಇವು ಸೇರಿದರೆ ಗಟ್ಟಿ ಮನಸ್ಸೂ ಹೀಗೆ ಆಟವಾಡುತ್ತದೆ. ಪರೀಕ್ಷೆಯ ಹಿಂದಿನ ವಾರ ಚಹಾ ಕುಡಿದು ಮೂರು ರಾತ್ರಿ ನಿದ್ದೆಗೆಟ್ಟ ಹುಡುಗನಿಗೆ ಯಾರೋ ಹೆಸರು ಹಿಡಿದು ಕರೆದಂತೆ ಕೇಳಿಸಿದರೆ, ಅವನು ಮೊದಲು ಮಾಡಬೇಕಾದದ್ದು ಮಲಗುವುದು. ಚಿಕ್ಕ ಮಕ್ಕಳು ಕಾಣದ ಗೆಳೆಯನ ಜೊತೆ ಆಡುವುದೂ ಸಹಜವೇ.

ಚಿಂತಿಸಬೇಕಾದದ್ದು, ನಿದ್ದೆ ಮಾಡಿದರೂ ಹೋಗದೆ ವಾರಗಟ್ಟಲೆ ಉಳಿದು ಬೆಳೆಯುವಂಥದ್ದು. ಈ ಕಾಯಿಲೆ ಹೆಚ್ಚಾಗಿ ತಲೆಹಾಕುವುದು ಹದಿಹರೆಯದ ಕೊನೆ ಮತ್ತು ಇಪ್ಪತ್ತರ ವರ್ಷಗಳಲ್ಲಿ, ಅಂದರೆ ಮಕ್ಕಳು ಮನೆ ಬಿಟ್ಟು ಕೋಣೆ ಸೇರುವ ಹೊತ್ತಿನಲ್ಲೇ. ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಮೂವರಲ್ಲಿ ಒಬ್ಬರಾದರೂ ಪೂರ್ತಿ ಚೇತರಿಸಿಕೊಳ್ಳಬಲ್ಲರು ಎಂಬುದೂ ಆ ಸಂಸ್ಥೆಯದೇ ಮಾತು. ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ಬೇಗ ಎಂದರೆ ಯಾರು ಗಮನಿಸಬೇಕು? ತಂದೆತಾಯಿ ಘಟ್ಟದ ಇನ್ನೊಂದು ಬದಿಯಲ್ಲಿದ್ದಾರೆ. ಪ್ರಾಧ್ಯಾಪಕರಿಗೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರು. ನಿಜ ಗೊತ್ತಿರುವುದು ಪಕ್ಕದ ಮಂಚದವನಿಗೆ. ನಿನ್ನೆಯವರೆಗೆ ಚೆನ್ನಾಗಿ ಓದುತ್ತಿದ್ದವನು ಈಗ ಪುಸ್ತಕ ತೆರೆದಿಟ್ಟು ಗೋಡೆ ನೋಡುತ್ತಾನೆ. ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ಚಾದರದೊಳಗೆ. ಸ್ನಾನ ಬಿಟ್ಟಿದ್ದಾನೆ, ಖಾನಾವಳಿಗೆ ಬರುವುದಿಲ್ಲ, ಕರೆದರೆ ಅನ್ನದಲ್ಲಿ ಏನೋ ಬೆರೆಸಿದ್ದಾರೆ ಎನ್ನುತ್ತಾನೆ. ಕಿಟಕಿಗೆ ಪೇಪರು ಅಂಟಿಸುತ್ತಾನೆ. ಯಾರೂ ಇಲ್ಲದಾಗ ಮಾತಾಡುತ್ತಾನೆ, ಯಾರೋ ಉತ್ತರ ಕೊಟ್ಟಂತೆ ತಡೆದು ಕೇಳಿಸಿಕೊಳ್ಳುತ್ತಾನೆ. ಇದರಲ್ಲಿ ಯಾವುದೋ ಒಂದು ಎಲ್ಲ ಹುಡುಗರಲ್ಲೂ ಇರಬಹುದು. ಹಲವು ಒಟ್ಟಿಗೆ ಕಂಡು, ಮನುಷ್ಯನೇ ಬದಲಾದಂತಿದ್ದರೆ ಸುಮ್ಮನಿರಬಾರದು.

ಅಂಥ ಹುಡುಗನಿಗೆ ಕಾಲೇಜಿನಲ್ಲಿ ಸಿಗುವ ಹೆಸರು ‘ಸೈಕೋ’. ಹಿಚ್‌ಕಾಕ್ 1960ರಲ್ಲಿ ಮಾಡಿದ ಚಿತ್ರದ ಹೆಸರು ಕಾರವಾರದ ಹಾಸ್ಟೆಲ್ಲಿನವರೆಗೆ ಬೈಗುಳವಾಗಿ ಬಂದಿದೆ. ಹುಡುಗಿಯಾದರೆ ‘ನಾಗವಲ್ಲಿ’; 2004ರ ‘ಆಪ್ತಮಿತ್ರ’ದ ಕೊಡುಗೆ. ಈಗ ಇದರ ಮೇಲೆ ಮೊಬೈಲಿನಲ್ಲಿ ಚಿತ್ರ ಹಿಡಿದು ಹಂಚುವುದೂ ಸೇರಿದೆ. ಥ್ರಿಲ್ಲರ್ ಚಿತ್ರಗಳು ಮನೋರೋಗಿಯ ಕೈಗೆ ಚೂರಿ ಕೊಟ್ಟು ಕೊಟ್ಟು, ಇಂಥವರೆಲ್ಲ ಅಪಾಯಕಾರಿಗಳೆಂಬ ಭಯ ಬಿತ್ತಿವೆ. ಈ ಕಾಯಿಲೆಯವರಲ್ಲಿ ಬಹುಪಾಲು ಜನ ಯಾರ ಮೈ ಮುಟ್ಟಿದವರಲ್ಲ, ಬೇರೆಯವರಿಂದ ಏಟು ತಿನ್ನುವವರೇ ಹೆಚ್ಚು. ಭಯಪಟ್ಟ ರೂಮ್‌ಮೇಟ್ ಸಾಮಾನ್ಯವಾಗಿ ಮಾಡುವುದು ಒಂದೇ: ಗಂಟು ಕಟ್ಟಿ ಬೇರೆ ಕೋಣೆಗೆ ಹೋಗುವುದು. ಕಾಯಿಲೆಯವನು ಆಮೇಲೆ ನಿಜಕ್ಕೂ ಒಬ್ಬಂಟಿ. ಕೂಡಿ ಇರಲು ಕಷ್ಟವಾದರೆ ಕೋಣೆ ಬದಲಿಸಲಿ, ತಪ್ಪಲ್ಲ. ಹೋಗುವ ಮೊದಲು ವಾರ್ಡನ್‌ಗೆ, ಇಲ್ಲವೇ ಅವನ ಮನೆಗೆ ಒಂದು ಮಾತು ತಿಳಿಸಬೇಕು. ಇದು ಚಾಡಿಯಲ್ಲ. ಅವನೊಂದಿಗೆ ವಾದಕ್ಕಿಳಿದು ‘ಅಲ್ಲಿ ಯಾರೂ ಇಲ್ಲ ಮಾರಾಯಾ’ ಎಂದು ಸಾಧಿಸುವುದರಿಂದ ಪ್ರಯೋಜನವಿಲ್ಲ, ಅವನ ಪಾಲಿಗೆ ಆ ದನಿ ಇದೆ. ನಿದ್ದೆ ಬರುತ್ತಿಲ್ಲವಲ್ಲ, ಡಾಕ್ಟರ ಹತ್ತಿರ ಹೋಗೋಣ ಬಾ ಎಂದರೆ ಬರುವ ಸಂಭವ ಜಾಸ್ತಿ.

ಮನೆಯವರ ಕಷ್ಟ ಬೇರೆ ರೀತಿಯದು. ಸುದ್ದಿ ಬಂದೊಡನೆ ಮೊದಲು ಎದ್ದುನಿಲ್ಲುವುದು, ಮಗಳ ಮದುವೆ ಆಗಬೇಕು, ಊರಿಗೆ ತಿಳಿದರೆ ಹೇಗೆ ಎಂಬ ಚಿಂತೆ. ಹಾಗಾಗಿ ಮಗನನ್ನು ಸದ್ದಿಲ್ಲದೆ ಮನೆಗೆ ಕರೆತಂದು ಕೋಣೆಯಲ್ಲಿ ಇಡುತ್ತಾರೆ, ಯಾರ ಸೋಂಕು, ಯಾರ ದೃಷ್ಟಿ ಎಂದು ನೋಡಿಸುತ್ತಾರೆ, ದೇವರಲ್ಲಿ ಪ್ರಸಾದ ಕೇಳುತ್ತಾರೆ. ದೇವರಲ್ಲಿ ಕೇಳುವುದು ಅವರವರ ನಂಬಿಕೆ, ಬೇಡವೆನ್ನಲು ಯಾರಿಗೂ ಅಧಿಕಾರವಿಲ್ಲ. ಪ್ರಸಾದ ಬೀಳುವ ಹೊತ್ತಿಗೆ ವೈದ್ಯರನ್ನೂ ಕಂಡಿದ್ದರೆ ದೇವರು ಮುನಿಯಲಾರ. ಆರು ತಿಂಗಳು, ವರ್ಷ ಹೀಗೆ ಕಳೆದು ಕೊನೆಗೆ ಆಸ್ಪತ್ರೆಗೆ ಬರುವ ಹುಡುಗನ ಓದು ಅಷ್ಟರಲ್ಲಿ ನಿಂತಿರುತ್ತದೆ, ಗೆಳೆಯರು ಚದುರಿರುತ್ತಾರೆ.

ಈಗ ದೂರ ಹೋಗಬೇಕಾದ ಅಗತ್ಯವೂ ಅಷ್ಟಿಲ್ಲ. ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೇ ಮನೋರೋಗ ವೈದ್ಯರನ್ನು ಕಾಣಬಹುದು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದವರಿಗೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಇದೆ. ನಂಬರು 14416, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಕರೆ ಮಾಡುವವರು ಕಾಯಿಲೆಯವರೇ ಆಗಿರಬೇಕೆಂದಿಲ್ಲ. ಆಯಿ ಮಾಡಬಹುದು, ವಾರ್ಡನ್ ಮಾಡಬಹುದು, ಪಕ್ಕದ ಮಂಚದ ಹುಡುಗನೂ ಮಾಡಬಹುದು.